ಖುದ್ಲೋರಿ ಮೇಷ್ಟ್ರ ‘ಟು’ ತರಗತಿ

ಹಳೇ ಸೈಕಲ್ ಕೊಳ್ಳುವಾಗ ಗಿರಾಕಿ ಬಣ್ಣ ನೋಡುತ್ತಾನೆ, ವ್ಯಾಪಾರಿ ಬಗ್ಗಿ ಚೌಕಟ್ಟು ನೋಡುತ್ತಾನೆ. ಖುದ್ಲೋರಿ ಮೇಷ್ಟ್ರನ್ನು ಯಾರಾದರೂ ನನ್ನ ಅಂಗಡಿಗೆ ಉರುಳಿಸಿಕೊಂಡು ಬಂದಿದ್ದರೆ ನಾನು ಹೀಗೆ ಅಂದಾಜು ಕಟ್ಟುತ್ತಿದ್ದೆ: ಐವತ್ತೆಂಟು ವರ್ಷ ಓಡಿದ ಮಾಲು, ಚೌಕಟ್ಟು ಮಾತ್ರ ಎಲ್ಲೂ ಬಾಗಿಲ್ಲ. ಸೀಟು ತೆಳ್ಳಗೆ, ಟೈರು ಸವೆದಿದೆ. ಬ್ರೇಕು ಇಲ್ಲವೇ ಇಲ್ಲ, ಮಾತಿಗೆ ಕೂತರೆ ಇಳಿಜಾರಿನಲ್ಲಿ ಬಿಟ್ಟ ಹಾಗೆ. ಗಂಟೆ ಚೆನ್ನಾಗಿದೆ, ಎರಡು ಬೀದಿಯಾಚೆಗೂ ಕೇಳಿಸುತ್ತದೆ. ಒಂದೇ ದಾರಿಯಲ್ಲಿ ಹೋಗಿ ಬಂದು ರೂಢಿಯಾಗಿ ಬೇರೆ ಕಡೆ ಹ್ಯಾಂಡಲ್ ತಿರುಗುವುದಿಲ್ಲ. ಕೊಳ್ಳುವವರು ಸಿಗುವುದು ಕಷ್ಟ. ಮಾರಿದವನು ಆಮೇಲೆ ಕೊರಗುತ್ತಾನೆ.

ಆ ಒಂದೇ ದಾರಿ ಯಾವುದೆಂದರೆ ಇಂಗ್ಲಿಷಿನ ‘ಟು’ ಎನ್ನುವ ಒಂದಕ್ಷರ.

ಜಾವಾದ ನಮ್ಮ ಪಾರೆ ಊರಿನಲ್ಲಿ ಭತ್ತಕ್ಕಿಂತ ಇಂಗ್ಲಿಷ್ ಹೆಚ್ಚು ಬೆಳೆಯುತ್ತದೆ. ಮನೆಗೊಂದು ತರಗತಿ, ಮಾವಿನ ಮರಕ್ಕೊಂದು ಕರಿಹಲಗೆ. ಜಾವಾದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬರುತ್ತಾರೆ, ನನ್ನ ಹತ್ತಿರ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಬೆಳಗಿನ ಪ್ರಾರ್ಥನೆ ಮುಗಿದದ್ದೇ ಒಬ್ಬ ಮೇಷ್ಟ್ರಿಂದ ಇನ್ನೊಬ್ಬರ ಬಳಿಗೆ ತುಳಿಯುತ್ತಾರೆ. ವಸತಿಮನೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಅಂಗಳ ಗುಡಿಸಬೇಕು. ಹಾಗಾಗಿ ನಮ್ಮೂರಿನ ಅಂಗಳಗಳು ಬಹಳ ಚೊಕ್ಕಟ. ಇಲ್ಲಿ ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಸರಕು. ಒಬ್ಬರು ಉಚ್ಚಾರ ಮಾರುತ್ತಾರೆ, ಒಬ್ಬರು ಭಾಷಣ. ಗೌರವಕ್ಕೆ ನಾವು ಹೆಂಗಸರನ್ನು ಬು, ಗಂಡಸರನ್ನು ಪಾಕ್ ಅನ್ನುತ್ತೇವೆ. ಬು ರೋದಿಯಾ ಎಂಬ ಹೆಂಗಸಿನ ಶಾಲೆಯಲ್ಲಿ ಖುದ್ಲೋರಿ ಇಪ್ಪತ್ತೆರಡು ವರ್ಷದಿಂದ ‘ಟು’ ಮಾರುತ್ತಿದ್ದರು. ಕ್ರಿಯಾಪದದ ಮುಂದೆ ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಅಷ್ಟೇ. ಎರಡು ವಾರದ ಪಾಠ.

ಒಂದಕ್ಷರಕ್ಕೆ ಎರಡು ವಾರವೇ ಎಂದು ನಾನೂ ನಗುತ್ತಿದ್ದೆ. ನಮ್ಮ ಜಾವಾದ ಮಾತಿನಲ್ಲಿ ‘ಬೇಕು’ ಪಕ್ಕದಲ್ಲಿ ‘ತಿನ್ನು’ ಇಟ್ಟರೆ ಮುಗಿಯಿತು, ನಡುವೆ ದಲ್ಲಾಳಿ ಬೇಡ. ಇಂಗ್ಲಿಷಿನವರಿಗೆ ‘ವಾಂಟ್’ಗೂ ‘ಈಟ್’ಗೂ ನಡುವೆ ‘ಟು’ ಎಂಬ ದಲ್ಲಾಳಿ ನಿಲ್ಲಲೇಬೇಕು. ಅದಾದರೂ ಸರಿ. ಆದರೆ ‘ಕ್ಯಾನ್’ ಬಂದರೆ ಅದೇ ದಲ್ಲಾಳಿಗೆ ಪ್ರವೇಶವಿಲ್ಲ. ಯಾಕೆ? ಕೇಳಬಾರದು.

ಕೇಳಬಾರದು ಎನ್ನುವುದು ಖುದ್ಲೋರಿ ಕಲಿತ ಶಾಲೆಯ ಪಾಠ. ಅವರಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದವರು. ಮಗನನ್ನು ಹತ್ತನೇ ವಯಸ್ಸಿಗೆ ಇಸ್ಲಾಮಿನ ಧಾರ್ಮಿಕ ವಸತಿಶಾಲೆಗೆ ಬಿಟ್ಟರು. ಅಲ್ಲಿ ಅರಬ್ಬಿ ವ್ಯಾಕರಣವನ್ನು ನೂರು ಹುಡುಗರು ಒಟ್ಟಿಗೆ ಕೂತು, ತೊಡೆ ತಟ್ಟಿಕೊಂಡು, ರಾಗವಾಗಿ ಹಾಡಿ ಬಾಯಿಪಾಠ ಮಾಡುತ್ತಾರೆ. ಗುರುವಿನ ಮುಖ ನೋಡಿ ಮಾತಾಡುವಂತಿಲ್ಲ. ಗುರು “ತಿಳಿಯಿತೇ?” ಎಂದರೆ ತಲೆ ತಗ್ಗಿಸಿ “ಹೌದು ಗುರುಗಳೇ” ಎನ್ನಬೇಕು. ಇಲ್ಲ ಎಂದರೆ ಗುರುವಿಗೆ ಕಲಿಸಲು ಬರುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಜಾವಾದವರು ಮನೆಗೆ ಬೆಂಕಿ ಬಿದ್ದರೂ ಅಂಥ ಮಾತು ಆಡುವುದಿಲ್ಲ.

ಖುದ್ಲೋರಿ ಆ ಕ್ರಮವನ್ನೇ ಇಂಗ್ಲಿಷಿಗೆ ಹೊಲಿದರು. ‘ಟು’ ಬೇಡುವ ಕ್ರಿಯಾಪದಗಳಿಗೆ ಒಂದು ರಾಗ, ಬೇಡದವಕ್ಕೆ ಇನ್ನೊಂದು. “ವಾಂಟ್, ಹೋಪ್, ಪ್ಲಾನ್, ಡಿಸೈಡ್” ಎಂದು ಮೂವತ್ತು ಕಂಠ ಹಾಡತೊಡಗಿದರೆ ಪಕ್ಕದ ಮನೆಯ ಕೋಳಿಗಳೂ ತಲೆ ಎತ್ತುತ್ತಿದ್ದವು. ಹಾಡು ಮುಗಿದ ಮೇಲೆ ಮೇಷ್ಟ್ರು ಮೂರು ಸಲ ಕೇಳುತ್ತಿದ್ದರು, ತಿಳಿಯಿತೇ ಎಂದು. ಮೂರು ಸಲವೂ ಮೂವತ್ತು ತಲೆ ಕೋಲೆ ಬಸವನ ಹಾಗೆ ಆಡುತ್ತಿದ್ದವು. ಪರೀಕ್ಷೆ ಮಾತ್ರ ಅವರು ಎಂದೂ ಇಟ್ಟವರಲ್ಲ. “ಹೌದು ಅಂದ ಮಕ್ಕಳನ್ನ ಪರೀಕ್ಷೆ ಮಾಡೋದು ಅಂದ್ರೆ ಸುಳ್ಳುಗಾರರು ಅಂದ ಹಾಗಲ್ವಾ?” ಎನ್ನುತ್ತಿದ್ದರು.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಆಮೇಲೆ ಸುರಬಾಯದಿಂದ ಒಂದು ಕಾಗದ ಬಂತು.

ಹಡಗಿನ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಒಂದು ತರಬೇತಿ ಶಾಲೆ ಅದು. ವರ್ಷಕ್ಕೆರಡು ಸಲ ಮಕ್ಕಳನ್ನು ನಮ್ಮೂರಿಗೆ ಕಳಿಸುತ್ತಿತ್ತು. ಈ ಸಲ ಹಿಂತಿರುಗಿ ಹೋದವರಿಗೆ ಅವರೇ ಪರೀಕ್ಷೆ ಇಟ್ಟರಂತೆ. ಬರೆದ ಇಪ್ಪತ್ತೆಂಟು ಜನವೂ ‘ಕ್ಯಾನ್ ಟು ಸ್ವಿಮ್’ ಎಂದು ಬರೆದಿದ್ದರು. ಬೇಕಾದ ಕಡೆಯಲ್ಲಿ ‘ಟು’ ಇರಲಿಲ್ಲ. ಕಾಗದದ ಕೊನೆಯಲ್ಲಿ ಷರತ್ತಿತ್ತು: ಮುಂದಿನ ತಂಡದ ಕೊನೇ ದಿನ ನಮ್ಮವರೊಬ್ಬರು ಬಂದು ಪರೀಕ್ಷೆ ಮಾಡುತ್ತಾರೆ, ಕನಿಷ್ಠ ಅರ್ಧದಷ್ಟು ಮಕ್ಕಳು ಪಾಸಾಗದಿದ್ದರೆ ಇನ್ನು ಯಾರನ್ನೂ ಕಳಿಸುವುದಿಲ್ಲ.

ಬು ರೋದಿಯಾ ಮಾತು ಬೆಳೆಸುವವಳಲ್ಲ. “ಪಾಕ್ ಖುದ್ಲೋರಿ, ಇದು ಫೇಲಾದ್ರೆ ಟು ತರಗತಿ ಮುಚ್ತೀನಿ. ನಿಮ್ಮನ್ನ ಕೆಲಸದಿಂದ ತೆಗೆಯಲ್ಲ, ಗೇಟಲ್ಲಿ ಹಾಜರಿ ಬರ್ಕೊಂಡು ಕೂತ್ಕೊಳ್ಳಿ,” ಅಂದಳಂತೆ. ಇಪ್ಪತ್ತೆರಡು ವರ್ಷ ಹಲಗೆಯ ಮುಂದೆ ನಿಂತವರಿಗೆ ಗೇಟಿನ ಕುರ್ಚಿ.

ಮಾರನೇ ದಿನ ಮಧ್ಯಾಹ್ನ ಮೇಷ್ಟ್ರು ನನ್ನ ಶೆಡ್ಡಿಗೆ ಬಂದರು. ನಾನು ಬಾಳೆಲೆಯಲ್ಲಿ ಪೆಚೆಲ್ ಕಟ್ಟಿಸಿ ತಂದು ಊಟಕ್ಕೆ ಕೂತಿದ್ದೆ. ಅನ್ನ, ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಚಟ್ನಿ. ಒಂದು ಪಾಲು ಅವರ ಕಡೆ ಸರಿಸಿದೆ. ಅವರು ಮುಟ್ಟಲಿಲ್ಲ.

“ಚಾಕ್ ಮತ್ರಾವಿ, ನನಗೊಂದೂ ತಿಳೀತಿಲ್ಲ,” ಅಂದರು. ಮತ್ರಾವಿ ನಾನು, ಚಾಕ್ ಎಂದರೆ ಅಣ್ಣ. “ದಿನಾ ಮೂರು ಸಲ ಕೇಳಿದ್ದೀನಿ. ದಿನಾ ಹೌದು ಅಂದಿದ್ದಾರೆ. ಹಾಡು ಒಂದಕ್ಷರ ತಪ್ಪಿಲ್ಲ. ಸುರಬಾಯ ಮುಟ್ಟೋದ್ರೊಳಗೆ ಎಲ್ಲಿ ಹೋಯ್ತು?”

“ರೈಲಲ್ಲಿ ಬಿಟ್ಟಿರ್ತಾರೆ,” ಅಂದೆ.

ಅವರು ನಗಲಿಲ್ಲ. ನಾನು ಕೈ ತೊಳೆದುಕೊಂಡು ಗಲ್ಲಾದ ಡ್ರಾಯರು ಎಳೆದು ತೋರಿಸಿದೆ. ಅದರ ತುಂಬ ಗುರುತಿನ ಚೀಟಿಗಳು.

“ನೋಡಿ ಮೇಷ್ಟ್ರೇ, ಇದೇ ಮಕ್ಕಳು ನನ್ನ ಹತ್ರಾನೂ ಬರ್ತಾರೆ. ಶನಿವಾರ ಸೈಕಲ್ ತಂದು ಬಿಡ್ತೀಯೇನಪ್ಪಾ ಅಂದ್ರೆ ತಲೆ ತಗ್ಗಿಸಿ ಹೌದು ಚಾಕ್ ಅಂತಾರೆ. ನಾನು ಆ ಹೌದನ್ನ ನಂಬ್ಕೊಂಡು ಕೂತ್ರೆ ನನ್ನ ಅರ್ಧ ಸೈಕಲ್ ಇಷ್ಟೊತ್ತಿಗೆ ಬಾಲಿಯಲ್ಲಿ ಇರ್ತಿದ್ವು. ಅದಕ್ಕೇ ಚೀಟಿ ಇಟ್ಕೋತೀನಿ.”

“ಮಕ್ಕಳು ಸುಳ್ಳು ಹೇಳ್ತಾರೆ ಅಂತೀರಾ?”

“ಸುಳ್ಳಲ್ಲ, ಮರ್ಯಾದೆ. ನಿಮಗೆ ನೋವಾಗಬಾರದು ಅಂತ ಹೌದು ಅಂತಾರೆ. ನೀವು ಅದನ್ನ ಪಾಠ ಕಲ್ತರು ಅಂತ ತಗೊಂಡ್ರಿ.”

ಮೇಷ್ಟ್ರು ಡ್ರಾಯರಿನಿಂದ ಒಂದು ಚೀಟಿ ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: “ಸೈಕಲ್‌ಗಾದ್ರೆ ಚೀಟಿ. ಪಾಠಕ್ಕೆ ನಾನು ಏನು ಇಟ್ಕೊಳ್ಲಿ?”

ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ ಅದು. ನನಗೆ ಉತ್ತರ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದು ವ್ಯಾಪಾರಿಯ ಬಾಯಿಗೆ ಬರುವ ಮಾತಲ್ಲ. ಹೊಳೆದದ್ದನ್ನು ಹೇಳಿದೆ. “ಸಂತೇಲಿ ಸುಳ್ಳು ಗಿರಾಕಿ ಅಂತ ಇರ್ತಾನೆ. ಅಂಗಡಿಯವನೇ ನಿಲ್ಲಿಸಿರ್ತಾನೆ. ಅವನು ಮೊದಲು ಬಾಯಿ ಬಿಟ್ರೆ ಹಿಂದಿನವರಿಗೆ ಧೈರ್ಯ ಬರುತ್ತೆ. ನಿಮ್ಮ ತರಗತೀಲಿ ನಾನು ಕೂತ್ಕೋತೀನಿ. ನೀವು ತಿಳೀತಾ ಅಂದಾಗ ಇಲ್ಲ ಅಂತೀನಿ. ನಾನು ಮಧುರಾ ದ್ವೀಪದವನು, ನಮ್ಮ ಜನಕ್ಕೆ ಮರ್ಯಾದೆ ಇಲ್ಲ ಅಂತ ಊರಿಗೆಲ್ಲ ಗೊತ್ತು. ಯಾರೂ ಬೇಜಾರು ಮಾಡ್ಕೊಳಲ್ಲ.”

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಬಚ್ಚಿಡುವುದೇನು. ಆ ತಂಡದ ಮೂವತ್ತು ಮಕ್ಕಳು ಎಂದರೆ ನನ್ನ ಮೂವತ್ತು ಸೈಕಲ್.

ಸುರಬಾಯದ ಮುಂದಿನ ತಂಡ ಬಂದ ದಿನ ಐವತ್ತೊಂದನೇ ವಯಸ್ಸಿನಲ್ಲಿ ಹೊಸ ನೋಟುಪುಸ್ತಕ ಹಿಡಿದು ಚಾಪೆಯ ಮೇಲೆ ಕೂತೆ. ಮೊದಲ ದಿನವೇ ಅವಮಾನ. ಮೇಷ್ಟ್ರು “ತಿಳಿಯಿತೇ?” ಎಂದರು. ಸುತ್ತ ಮೂವತ್ತು ತಲೆ ತಗ್ಗಿದವು, “ಹೌದು ಮೇಷ್ಟ್ರೇ” ಎಂಬ ಮೆಲುದನಿ ಎದ್ದಿತು. ಆ ದನಿಯಲ್ಲಿ ನನ್ನದೂ ಒಂದಿತ್ತು. ಎಲ್ಲಿಂದ ಬಂತೋ ಕಾಣೆ. ತಲೆ ತಾನಾಗಿ ತಗ್ಗಿತ್ತು. ಮೇಷ್ಟ್ರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕೊಂಡ ಸೈಕಲ್ ಅಂಗಡಿ ಬಾಗಿಲಲ್ಲೇ ಪಂಕ್ಚರ್ ಆದ ಹಾಗಿತ್ತು.

ಎರಡನೇ ದಿನ ಕೈ ಎತ್ತಿದೆ. “ಇಲ್ಲ ಮೇಷ್ಟ್ರೇ, ತಿಳೀಲಿಲ್ಲ.”

ಚಾಪೆಯ ಮೇಲೆ ಯಾರೋ ಉಸಿರು ಎಳೆದುಕೊಂಡರು.

“ಏನು ತಿಳೀಲಿಲ್ಲ ಚಾಕ್?” ಮೇಷ್ಟ್ರು ನಾವು ಮಾತಾಡಿಕೊಂಡ ಹಾಗೆ ನಗುತ್ತಾ ಕೇಳಿದರು.

ಇಲ್ಲಿ ನಾನು ಸಿಕ್ಕಿಬಿದ್ದೆ. ನಟನೆ ಮಾಡಲು ಬಂದಿದ್ದೆ. ಏನು ತಿಳಿಯಲಿಲ್ಲ ಎಂದು ಹುಡುಕಲು ಹೋದರೆ ಯಾವುದೂ ತಿಳಿದಿರಲಿಲ್ಲ.

“ಅವನನ್ನ ಹೋಗಿಸಿದ್ರು ಅನ್ನೋಕೆ ‘ದೇ ಮೇಡ್ ಹಿಮ್ ಗೋ’ ಅಂದ್ರಿ, ಅಲ್ಲಿ ಟು ಇಲ್ಲ.”

“ಇಲ್ಲ.”

“ಅವನನ್ನ ಹೋಗು ಅಂತ ಕೇಳ್ಕೊಂಡ್ರು ಅನ್ನೋಕೆ ‘ದೇ ಆಸ್ಕ್ಡ್ ಹಿಮ್ ಟು ಗೋ’ ಅಂದ್ರಿ, ಅಲ್ಲಿ ಇದೆ.”

“ಇದೆ.”

“ಅಂದ್ರೆ ಬಲವಂತ ಮಾಡಿದ್ರೆ ಟು ಬೇಡ, ಮರ್ಯಾದೆಯಿಂದ ಕೇಳಿದ್ರೆ ಬೇಕು. ಸರೀನಾ?”

“ಹಾಗಲ್ಲ. ‘ಫೋರ್ಸ್’ ಅಂದ್ರೂ ಬಲವಂತಾನೇ. ಅದಕ್ಕೆ ಟು ಬೇಕು.”

“ಸಾಯ್ಲಿ. ಮತ್ತೆ ಅವನೇ ಬಂದು ನನ್ನನ್ನ ಹೋಗಿಸಲಾಯ್ತು ಅಂತ ದೂರು ಹೇಳಿದ್ರೆ?”

“‘ಹಿ ವಾಸ್ ಮೇಡ್ ಟು ಗೋ.’ ಆಗ ಟು ಬರುತ್ತೆ.”

“ಅದೇ ಮನುಷ್ಯ, ಅದೇ ಹೋಗೋದು. ಟು ಎಲ್ಲಿಂದ ಬಂತು ಮೇಷ್ಟ್ರೇ? ಅವನು ಜೇಬಲ್ಲಿ ಇಟ್ಕೊಂಡಿದ್ನಾ?”

ಹಿಂದಿನ ಸಾಲಿನಿಂದ ಕಿಸಕ್ಕನೆ ನಗು. ಅದರ ಹಿಂದೆಯೇ ವಿಲುಜೆಂಗ್ ಎಂಬ ಹುಡುಗಿ, ಹಡಗಿನ ಡೆಕ್ಕಿನ ಕೆಲಸ ಕಲಿಯುತ್ತಿದ್ದವಳು, ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು: “ಮೇಷ್ಟ್ರೇ, ತಪ್ಪು ತಿಳೀಬೇಡಿ, ನನಗೂ... ಅದು...”

ಅಷ್ಟೇ ಸಾಕಾಯಿತು. ಮೂರನೇ ದಿನ ಐದು ಜನ. ನಾಲ್ಕನೇ ದಿನ ಮೇಷ್ಟ್ರು ತಿಳಿಯಿತೇ ಎನ್ನುವ ಮೊದಲೇ “ಇಲ್ಲ” ಎಂದು ಮೂವತ್ತು ಬಾಯಿ ಕೂಗಿದವು. ಕಟ್ಟೆ ಒಡೆದಿತ್ತು. ‘ಲೆಟ್’ ಬಂದರೆ ಬೇಡ, ‘ಅಲೌ’ ಬಂದರೆ ಬೇಕು, ಎರಡಕ್ಕೂ ಬಿಡುವುದು ಎಂದೇ ಅರ್ಥವಲ್ಲವೇ? ‘ಮಸ್ಟ್’ಗೆ ಬೇಡ, ‘ಹ್ಯಾವ್’ಗೆ ಬೇಕು, ಎರಡೂ ಮಾಡಲೇಬೇಕು ಅಂತಲೇ ಅಲ್ಲವೇ? ‘ಹೆಲ್ಪ್’ಗೆ ಹಾಕಿದರೂ ಸರಿ, ಬಿಟ್ಟರೂ ಸರಿ ಎಂದಾಗ ಒಬ್ಬ ಹುಡುಗ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡ. ‘ಲುಕ್ ಫಾರ್ವರ್ಡ್ ಟು’ ಎಂಬುದರ ಕೊನೆಯ ‘ಟು’ ನೋಡಲು ನಮ್ಮ ‘ಟು’ ಹಾಗೇ ಇದ್ದರೂ ಅದು ಬೇರೆ ಮನೆತನ, ಅದರ ಮುಂದೆ ‘ಗೋ’ ಅಲ್ಲ ‘ಗೋಯಿಂಗ್’ ಬರಬೇಕು ಎಂದು ಗೊತ್ತಾದ ದಿನ ತರಗತಿ ಸಾವಿನ ಮನೆಯಾಯಿತು.

ಹಾಡು ನಿಂತುಹೋಯಿತು. ಮೇಷ್ಟ್ರು ಒಂದೊಂದು ಪದ ಹಿಡಿದು, ಒಬ್ಬೊಬ್ಬರಿಂದ ಐದೈದು ವಾಕ್ಯ ಹೇಳಿಸಿ, ತಪ್ಪಿದವರ ಪಕ್ಕದಲ್ಲಿ ಚಾಪೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮತ್ತೆ ಹೇಳಿಸತೊಡಗಿದರು. ದಿನಕ್ಕೆ ನಲವತ್ತು ಪದ ಮುಗಿಸುತ್ತಿದ್ದವರು ನಾಲ್ಕಕ್ಕೆ ಇಳಿದರು. ಎಂಟನೇ ದಿನ ಶೆಡ್ಡಿಗೆ ಬಂದವರ ಮುಖ ಬಿಳಿಚಿತ್ತು.

“ಚಾಕ್, ನಿಮ್ಮ ಸಹವಾಸದಿಂದ ನಾನು ಕೆಟ್ಟೆ. ನಿನ್ನೆ ತರಗತಿ ಬಿಟ್ಟು ನೀವು ಹೋದ್ಮೇಲೆ ಒಬ್ಬ ಹುಡುಗ ‘ಡೇರ್’ಗೆ ಟು ಬೇಕಾ ಅಂದ. ಇಪ್ಪತ್ತೆರಡು ವರ್ಷ ಹಾಡಿದ ಪದ. ನಾಲಿಗೆ ಮೇಲೆ ಬರಲಿಲ್ಲ. ಮನೆಗೆ ಹೋಗಿ ಮೂರು ಪುಸ್ತಕ ನೋಡಿದೆ. ಮೂರೂ ಮೂರು ಥರ ಹೇಳ್ತವೆ.”

“ಹುಡುಗನಿಗೆ ಏನಂದ್ರಿ?”

“ನಾಳೆ ಹೇಳ್ತೀನಿ ಅಂದೆ.” ತಲೆ ತಗ್ಗಿಸಿದರು. “ನನಗೂ ಗೊತ್ತಿಲ್ಲ ಅನ್ಬೇಕಿತ್ತು. ಬಾಯಿ ಬರಲಿಲ್ಲ. ಮಕ್ಕಳಿಗೆ ಹೇಳೋಕೆ ಹೇಳ್ತೀನಿ, ನಾನು ಹೇಳೋಲ್ಲ.”

“ಇನ್ನೆಷ್ಟು ಪದ ಉಳಿದಿದೆ?”

“ಮುಕ್ಕಾಲು ಭಾಗ. ಇರೋದು ನಾಲ್ಕು ದಿನ.” ಎದ್ದು ನಿಂತರು. “ಹಾಡೇ ಹಾಡಿಸಿದ್ರೆ ಎಲ್ಲಾ ಮುಗೀತಿತ್ತು.”

ಮಾರನೇ ಬೆಳಿಗ್ಗೆ ಹಲಗೆಯ ಮುಂದೆ ನಿಂತು ಅವರು ಮೊದಲು ಆಡಿದ ಮಾತು: “ಮಕ್ಕಳೇ, ಡೇರ್ ವಿಷಯ ನನಗೂ ಪೂರ್ತಿ ಗೊತ್ತಿಲ್ಲ.” ಯಾರೂ ನಗಲಿಲ್ಲ. ವಿಲುಜೆಂಗ್ ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು, ನಿಯಮವೊಂದನ್ನು ಬರೆದುಕೊಂಡ ಹಾಗೆ.

ಹನ್ನೆರಡನೇ ದಿನ ಸುರಬಾಯದಿಂದ ಬು ಸುಂದಾರಿ ಬಂದಿಳಿದರು. ಹಡಗು ಶಾಲೆಯ ಪರೀಕ್ಷಕಿ, ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ಬಂದವರಂತೆ. ಬು ರೋದಿಯಾ ಕಾಫಿ, ಕರಿದ ಬಾಳೆಹಣ್ಣು ಇಟ್ಟು ಕೈ ಹೊಸೆಯುತ್ತಾ ನಿಂತಳು. ಮೇಷ್ಟ್ರು ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟಿದ್ದರು.

ಬಂದ ಅತಿಥಿ ಸಂಪ್ರದಾಯದಂತೆ ಮಕ್ಕಳ ಮುಂದೆ ನಿಂತು ಕೇಳಿದರು: “ಏನ್ರಪ್ಪಾ, ಮೇಷ್ಟ್ರು ಹೇಳಿದ್ದೆಲ್ಲಾ ತಿಳೀತಾ?”

“ಇಲ್ಲ ಬು!” ಮೂವತ್ತು ಗಂಟಲು ಒಟ್ಟಿಗೆ.

ಬು ರೋದಿಯಾ ಬಾಳೆಹಣ್ಣಿನ ತಟ್ಟೆಯನ್ನು ಅವಸರದಲ್ಲಿ ಅತಿಥಿಯ ಕಡೆ ಇನ್ನಷ್ಟು ಸರಿಸಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಜಾವಾದ ಯಾವ ಶಾಲೆಯಲ್ಲೂ ಅತಿಥಿಯ ಮುಂದೆ ಇಂಥ ಉತ್ತರ ಹುಟ್ಟಿದ್ದನ್ನು ನಾನು ಕೇಳಿಲ್ಲ. ಕೆಡಿಸಿದವನು ನಾನು. ಮರ್ಯಾದಸ್ಥ ಮಕ್ಕಳನ್ನು ಎರಡು ವಾರದಲ್ಲಿ ಮಧುರಾದವರನ್ನಾಗಿ ಮಾಡಿದ್ದೆ.

ಬು ಸುಂದಾರಿ ಏನೂ ಅನ್ನದೆ ಎಲ್ಲರನ್ನೂ ಮರಕ್ಕೊಬ್ಬರಂತೆ, ಗೋಡೆಗೊಬ್ಬರಂತೆ ದೂರದೂರ ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟರು. ಮೂವತ್ತು ಪ್ರಶ್ನೆ, ಇಪ್ಪತ್ತು ಸರಿಯಾದರೆ ಪಾಸು. ನನಗೂ ಒಂದು ಕೊಟ್ಟರು, ಯಾಕೆ ಅಂತ ಕೇಳುವ ಧೈರ್ಯ ಬರಲಿಲ್ಲ.

ಫಲಿತಾಂಶ: ಮೂವತ್ತರಲ್ಲಿ ಹದಿನಾಲ್ಕು ಪಾಸು. ಅರ್ಧಕ್ಕೆ ಒಂದು ಕಡಿಮೆ. ನನ್ನದು ಮೂವತ್ತಕ್ಕೆ ಹನ್ನೊಂದು. ಅದನ್ನು ಸೇರಿಸಿದರೂ ಬಿಟ್ಟರೂ ಲೆಕ್ಕ ಬದಲಾಗುವುದಿಲ್ಲ, ಸೇರಿಸಿದರೆ ಇನ್ನೂ ಕೆಡುತ್ತದೆ.

ಬು ರೋದಿಯಾ ಗೇಟಿನ ಕುರ್ಚಿಯ ಕಡೆ ನೋಡಿದಳು. ಮೇಷ್ಟ್ರು ಸೀಮೆಸುಣ್ಣದ ಧೂಳು ಹಿಡಿದ ಕೈಯನ್ನು ಇಸ್ತ್ರಿ ಮಾಡಿದ ಅಂಗಿಗೆ ಒರೆಸಿಕೊಂಡರು. ಯಾವತ್ತೂ ಹಾಗೆ ಮಾಡುವವರಲ್ಲ.

ಬು ಸುಂದಾರಿ ಉತ್ತರಪತ್ರಿಕೆಗಳನ್ನು ಮತ್ತೆ ತಿರುವಿ ಹಾಕುತ್ತಿದ್ದರು. “ಇದೇನಿದು ಪಾಕ್? ಇಲ್ಲಿ ಖಾಲಿ ಬಿಟ್ಟಿದ್ದಾರೆ. ಇಲ್ಲೊಬ್ಬ ‘ಇದು ನನಗೆ ಗೊತ್ತಿಲ್ಲ’ ಅಂತ ಬರ್ದಿದ್ದಾನೆ. ಈ ಹುಡುಗಿ ‘ಇದು ಮೇಷ್ಟ್ರಿಗೂ ಪೂರ್ತಿ ಗೊತ್ತಿಲ್ಲ’ ಅಂತ ಬರ್ದಿದ್ದಾಳೆ.”

“ಕ್ಷಮಿಸಿ ಬು. ಪಾಠ ಮುಗೀಲಿಲ್ಲ. ತಪ್ಪು ನನ್ನದು.”

“ಆದ್ರೆ ಬರೆದದ್ದರಲ್ಲಿ ತಪ್ಪೇ ಕಡಿಮೆ. ಹೋದ ಸಲದವರು ಒಂದೂ ಖಾಲಿ ಬಿಟ್ಟಿರ್ಲಿಲ್ಲ, ಎಲ್ಲಾ ಧೈರ್ಯವಾಗಿ ತಪ್ಪು ಬರ್ದಿದ್ರು.” ಕಾಫಿ ಲೋಟ ಎತ್ತಿಕೊಂಡರು. “ಹಡಗಲ್ಲಿ ನಮಗೆ ತೊಂದ್ರೆ ಆಗೋದು ಯಾರಿಂದ ಗೊತ್ತಾ? ಕ್ಯಾಪ್ಟನ್ ಏನಂದ ಅಂತ ತಿಳೀದೇ ಹೌದು ಸಾರ್ ಅಂದು ವಾಲ್ವ್ ತಿರುಗಿಸ್ತಾರಲ್ಲ, ಅವರಿಂದ. ನಮ್ಮ ಮಕ್ಕಳ ಬಾಯಲ್ಲಿ ಇಲ್ಲ ಅನ್ನೋದನ್ನ ನಾನು ಹದಿನೆಂಟು ವರ್ಷದಲ್ಲಿ ಕೇಳಿರ್ಲಿಲ್ಲ. ಎರಡು ವಾರ ಸಾಲದು, ನಾಲ್ಕು ವಾರ ಮಾಡಿ. ಆದ್ರೆ ಪ್ರತಿ ಸಲ ಪರೀಕ್ಷೆ ಇರುತ್ತೆ.”

ಬು ರೋದಿಯಾ ಒಂದು ಕ್ಷಣ ಲೆಕ್ಕ ಹಾಕಿ, ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಮೊದಲು ಮೇಷ್ಟ್ರ ಮುಂದೆ ಇಟ್ಟಳು.

ವ್ಯಾನು ಹೋದ ಮೇಲೆ ನಾವಿಬ್ಬರೇ ಮಾವಿನ ಮರದ ಕೆಳಗೆ ಉಳಿದೆವು. ಖುದ್ಲೋರಿ ಹಲಗೆ ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

“ಚಾಕ್, ಪಾಸಾದವರು ಅರ್ಧ ಇಲ್ಲ. ತರಗತಿ ಮುಚ್ಚಬೇಕಿತ್ತು. ಎರಡರಷ್ಟಾಯ್ತು. ನಾವು ಗೆದ್ವಾ, ಸೋತ್ವಾ?”

“ನನಗೆ ತಿಳೀಲಿಲ್ಲ ಮೇಷ್ಟ್ರೇ.”

“ನನಗೂ ತಿಳೀಲಿಲ್ಲ.” ಒರೆಸುವುದನ್ನು ನಿಲ್ಲಿಸಿದರು. “ಸೋಮವಾರ ಬನ್ನಿ. ಹನ್ನೊಂದು ಬಂದಿದೆಯಲ್ಲ, ಉಳಿದ ಹತ್ತೊಂಬತ್ತನ್ನ ನೋಡೋಣ. ‘ಮೇಕ್’ನಿಂದ ಶುರು ಮಾಡೋಣ.”

ನಟನೆಯ ಗಿರಾಕಿ ಬೇಡವಾಗಿದ್ದ. ಆದರೂ ಸೋಮವಾರ ಹೋದೆ, ಈಗಲೂ ಹೋಗುತ್ತಿದ್ದೇನೆ. ‘ಟು’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎನ್ನುವುದು ಇವತ್ತಿಗೂ ನನಗೆ ಮಂಜಿನೊಳಗಿನ ದಾರಿ.

ನಾನು ಖುದ್ಲೋರಿ ಮೇಷ್ಟ್ರಿಗೆ ಋಣಿ. ಒಂದಾದ ಮೇಲೊಂದು ಎಷ್ಟೋ ಬೆಳಗುಗಳಲ್ಲಿ ಅವರ ಮುಂದೆ ಕೂತು ತಿಳಿಯಲಿಲ್ಲ ಎಂದಿದ್ದೇನೆ, ಅವರು ಒಂದು ಸಲವೂ ನನ್ನನ್ನು ದಡ್ಡ ಎನ್ನದೆ ಮತ್ತೆ ಮೊದಲಿನಿಂದ ಹೇಳಿಕೊಟ್ಟಿದ್ದಾರೆ.